ಬಿಟ್ಟ ಗಂಡನಿಗೆ ಕೊಟ್ಟ ಅಧಿಕಾರ ಪತ್ರ

ತೆರಿಗೆ ಇಲಾಖೆಯ ಕಾರ್ಯಾಲಯ, ದಕ್ಷಿಣ ಕರಾವಳಿ ವಿಭಾಗ, ನೋವಾ ಸ್ಕೋಷಿಯಾ
ಸಂಖ್ಯೆ: ದ.ಕ./ಪ್ರತಿನಿಧಿ/ಕೋಸು/41(ಬಿ)
ದಿನಾಂಕ: ನವೆಂಬರ್ 14

ಸುತ್ತೋಲೆ

ವಿಷಯ: ತೆರಿಗೆದಾರರು ತಮ್ಮ ಪರವಾಗಿ ಇಲಾಖೆಯೊಂದಿಗೆ ಮಾತನಾಡಲು ಅಕೌಂಟೆಂಟರಿಗೆ ಅಧಿಕಾರ ನೀಡುವಾಗ, ಸದರಿ ಅಕೌಂಟೆಂಟರು ತೆರಿಗೆದಾರರ ಮಾಜಿ ಪತಿಯೂ ಆಗಿದ್ದಲ್ಲಿ ಅನುಸರಿಸಬೇಕಾದ ಕ್ರಮಗಳ ಕುರಿತು.

ಉಲ್ಲೇಖ: 1. ಪೆಟ್ರೆಲ್ ಕೋವ್ ನಿವಾಸಿ ಶ್ರೀಮತಿ ವೆರ್ನಾ ಕೋರ್ಕಮ್ ಇವರ ನಮೂನೆ ಪ್ರ-7 (ಮೂರು ಪ್ರತಿ, ಒಂದು ಒದ್ದೆ).
2. ದೂರವಾಣಿ ಶಾಖೆಯ ಕುಮಾರಿ ಇವೆಟ್ ಸೋನಿಯೆ ಇವರ ಐದು ದಿನಗಳ ರಜೆ ಅರ್ಜಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಸಿಬ್ಬಂದಿಯ ಅವಗಾಹನೆಗೆ ತರುವುದೇನೆಂದರೆ:

1. ಸದರಿ ವೆರ್ನಾ ಕೋರ್ಕಮ್ (63) ಇವರು ಇಪ್ಪತ್ತೆರಡು ವರ್ಷಗಳಿಂದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎಲೆಕೋಸು ಹೆಚ್ಚಿ, ಉಪ್ಪು ಹಾಕಿ, ಪೀಪಾಯಿಗಳಲ್ಲಿ ಹುಳಿ ಬರಿಸಿ ಶನಿವಾರದ ಸಂತೆಯಲ್ಲಿ ಮಾರುತ್ತಾರೆ. ಇದು ಕಸುಬಲ್ಲ, ಬರೀ ಹವ್ಯಾಸವೆಂದು ತೋರುತ್ತದೆ, ಅಲ್ಲವೆಂದಾದರೆ ಮೂವತ್ತು ದಿನಗಳೊಳಗೆ ಸಾಬೀತುಪಡಿಸತಕ್ಕದ್ದೆಂದು ಸೆಪ್ಟೆಂಬರಿನಲ್ಲಿ ಇಲಾಖೆಯಿಂದ ಪತ್ರ ಹೋಗಿತ್ತು. ಹವ್ಯಾಸವೆಂದು ತೀರ್ಮಾನವಾದರೆ ಪೀಪಾಯಿಗಳ ಖರ್ಚಿಗೂ ತೆರಿಗೆ ಬಿದ್ದು, ಕೊಟ್ಟಿಗೆಗೆ ಬೀಗ ಜಡಿಯುವುದೊಂದೇ ದಾರಿಯಾಗಿತ್ತು. ಪತ್ರ ಓದಿದ ದಿನ ವೆರ್ನಾ ಅವರಿಗೆ ಊಟ ಸೇರಲಿಲ್ಲವೆಂದು ತಿಳಿದುಬಂದಿದೆ.

2. ಅವರು ತಕ್ಷಣ ದೂರವಾಣಿ ಕರೆ ಮಾಡಿದರು. ಗುರುತು ಖಚಿತಪಡಿಸಲು ಕಳೆದ ವರ್ಷದ ತೆರಿಗೆ ವಿವರಪಟ್ಟಿಯ ನೂರೈವತ್ತನೆಯ ಸಾಲಿನಲ್ಲಿ ಏನಿದೆಯೆಂದು ಕುಮಾರಿ ಇವೆಟ್ ವಿಚಾರಿಸಿದರು. "ಅದೆಲ್ಲ ನಂಗೇನು ಗೊತ್ತು ಮಗಳೇ? ಅದಕ್ಕೇ ಅಕೌಂಟೆಂಟ್ ಇರೋದು. ಕೋಸಿನ ಬಗ್ಗೆ ಕೇಳು, ಹೇಳ್ತೀನಿ," ಎಂದು ಉತ್ತರ ಬಂದಿತು. ನಿಯಮಾವಳಿಯಲ್ಲಿ ಕೋಸಿನ ಪ್ರಶ್ನೆ ಇಲ್ಲದ ಕಾರಣ ಕರೆ ಮುಕ್ತಾಯಗೊಳಿಸಲಾಯಿತು.

3. ಅವರ ಹಳೆಯ ಅಕೌಂಟೆಂಟರು ನಿವೃತ್ತರಾಗಿ ದೂರದ ಆಲ್ಬರ್ಟಾ ಪ್ರಾಂತ್ಯದಲ್ಲಿರುವ ಮಗಳ ಮನೆ ಸೇರಿದ್ದರು. ಊರಿನಲ್ಲಿ ಉಳಿದ ಅಕೌಂಟೆಂಟರು ಶ್ರೀ ಬೇಸಿಲ್ ಐಸ್ನರ್ ಒಬ್ಬರೇ. ಇವರು ವೆರ್ನಾ ಅವರಿಗೆ ಹತ್ತೊಂಬತ್ತು ವರ್ಷ ಪತಿಯಾಗಿದ್ದು, ವಿಚ್ಛೇದನವಾಗಿ ಹನ್ನೊಂದು ವರ್ಷ ಸಂದಿದೆ. ಇಬ್ಬರ ಮನೆಗಳ ನಡುವೆ ಮೂರು ಬೇಲಿಗಳಿವೆ. ಮಾತು ಮಾತ್ರ ಒಂದೂ ಇಲ್ಲ. ದಾರಿಯಲ್ಲಿ ಎದುರಾದರೆ ಇಬ್ಬರೂ ಸಮುದ್ರದ ಕಡೆಗೆ ಮುಖ ತಿರುಗಿಸುತ್ತಾರೆ. ಸಮುದ್ರ ರಸ್ತೆಯ ಒಂದೇ ಬದಿಗಿರುವುದರಿಂದ ಹನ್ನೊಂದು ವರ್ಷಗಳಿಂದ ಇಬ್ಬರೂ ಒಂದೇ ಕಡೆ ನೋಡುತ್ತಿದ್ದಾರೆ. ಇದಕ್ಕೆ ಇಲಾಖೆ ಹೊಣೆಯಲ್ಲ.

4. ಬೇರೆ ಗತಿಯಿಲ್ಲದೆ ವೆರ್ನಾ ಅವರು ಬೇಸಿಲ್ ಹೆಸರಿಗೆ ಅಧಿಕಾರ ಪತ್ರದ ನಮೂನೆ ಪ್ರ-7 ತುಂಬಿದರು. "ಪ್ರತಿನಿಧಿಯೊಂದಿಗೆ ಸಂಬಂಧ" ಎಂಬ ಅಂಕಣದಲ್ಲಿ "ಇತ್ತು" ಎಂದು ಬರೆದಿದ್ದರು. ಹಿಂದಿರುಗಿಸಲಾಯಿತು. ಎರಡನೆಯ ಸಲ "ದೇವರಿಗೇ ಗೊತ್ತು" ಎಂದಿತ್ತು. ಮೂರನೆಯ ವ್ಯಕ್ತಿಯ ಸಾಕ್ಷ್ಯಕ್ಕೆ ಅವಕಾಶವಿಲ್ಲವೆಂದು ತಿಳಿಸಿ, ಸದರಿ ಅಂಕಣದಲ್ಲಿ ನಾಮಪದ ಮಾತ್ರ ಇರತಕ್ಕದ್ದೆಂದು ಸೂಚಿಸಲಾಯಿತು. ಮೂರನೆಯ ಸಲ "ತಪ್ಪು" ಎಂದು ಬರೆದು ಕಳುಹಿಸಿದರು. ಇದು ನಾಮಪದವಾದ್ದರಿಂದ ಅಂಗೀಕರಿಸಲಾಗಿದೆ.

5. ಅಧಿಕಾರದ ವ್ಯಾಪ್ತಿ ತಿಳಿಸಬೇಕಾದ ಜಾಗದಲ್ಲಿ ಅವರು, "ತೆರಿಗೆ ವಿಷಯ ಮಾತ್ರ. ನನ್ನ ಅಡುಗೆ, ನಮ್ಮಕ್ಕ, ನಾನು ಕಾರು ಓಡಿಸೋ ರೀತಿ, ಇವುಗಳ ಬಗ್ಗೆ ಬಾಯಿ ಬಿಡಕೂಡದು," ಎಂದು ನಮೂದಿಸಿದ್ದರು. ಇನ್ನು ಮುಂದೆ ಇವು ಮೂರನ್ನೂ ಅನುಸೂಚಿ 'ಎ' ಎಂದು ಪರಿಗಣಿಸತಕ್ಕದ್ದು. ಅಕ್ಕ ಇಲ್ಲದ ತೆರಿಗೆದಾರರು ಅತ್ತಿಗೆಯನ್ನು ನಮೂದಿಸಬಹುದಾಗಿದೆ.

6. ಅಧಿಕಾರ ಊರ್ಜಿತವಾಗಲು ಇಬ್ಬರೂ ಏಕಕಾಲಕ್ಕೆ ದೂರವಾಣಿಯಲ್ಲಿ ಹಾಜರಿರಬೇಕೆಂಬುದು ನಿಯಮ. ಅದರಂತೆ ಅಕ್ಟೋಬರ್ 9ರ ಬೆಳಗ್ಗೆ ಕುಮಾರಿ ಇವೆಟ್ ಇಬ್ಬರನ್ನೂ ಒಂದೇ ಕರೆಯಲ್ಲಿ ಜೋಡಿಸಿದರು. ಇಬ್ಬರೂ ನೇರವಾಗಿ ಮಾತನಾಡಲು ನಿರಾಕರಿಸಿದ್ದು ದಾಖಲಾಗಿದೆ:

"ಅವನಿಗೆ ಹೇಳು ಮಗಳೇ, ಪೀಪಾಯಿ ರಸೀದಿ ಎಲ್ಲಾ ಬಿಸ್ಕತ್ತು ಡಬ್ಬಿಯಲ್ಲಿದೆ," ಎಂದು ವೆರ್ನಾ.

"ಯಾವ ಡಬ್ಬಿ ಅಂತ ಕೇಳಿ ಮೇಡಂ. ಕೆಂಪುದೋ, ಮುಚ್ಚಳ ಇಲ್ಲದ್ದೋ?" ಎಂದು ಬೇಸಿಲ್.

"ಮುಚ್ಚಳ ಕಳೆದ ಪುಣ್ಯಾತ್ಮ ಯಾರು ಅಂತ ಕೇಳು!"

"ಸಾರ್, ಮುಚ್ಚಳ ಕಳೆದ ಪುಣ್ಯಾತ್ಮರು ಯಾರು ಅಂತ ಕೇಳ್ತಿದ್ದಾರೆ," ಎಂದು ಕುಮಾರಿ ಇವೆಟ್.

"ಹಾಗಾದ್ರೆ ನನ್ನ ಮೀನಿನ ಗಾಳ ಸಂತೆಯಲ್ಲಿ ಮಾರಿದ್ದು ಯಾರು ಅಂತ ನೀವೂ ಕೇಳಿ!"

ಈ ರೀತಿ ಒಟ್ಟು ಹದಿನೇಳು ಸಂದೇಶಗಳು ರವಾನೆಯಾಗಿದ್ದು, ಅವುಗಳಲ್ಲಿ ತೆರಿಗೆಗೆ ಸಂಬಂಧಿಸಿದ್ದು ಒಂದು. ಇನ್ನು ಮುಂದೆ ಸಿಬ್ಬಂದಿ ಇಂತಹ ಸಂದೇಶ ಸಾಗಿಸತಕ್ಕದ್ದಲ್ಲವೆಂದು ಈ ಮೂಲಕ ಎಚ್ಚರಿಸಲಾಗಿದೆ. ತೀರಾ ಅನಿವಾರ್ಯವಾದಲ್ಲಿ ಬೈಗುಳವನ್ನು ಕರ್ಮಣಿ ಪ್ರಯೋಗಕ್ಕೆ ಪರಿವರ್ತಿಸಿ ("ತಮ್ಮಿಂದ ಮುಚ್ಚಳವು ಕಳೆಯಲ್ಪಟ್ಟಿದೆಯೆಂದು ಭಾವಿಸಲಾಗಿದೆ") ರವಾನಿಸಬಹುದು. ಅಳುವುದಾದರೆ ಸಿಬ್ಬಂದಿ ಊಟದ ವೇಳೆಯಲ್ಲಿ ಅಳತಕ್ಕದ್ದು.

7. ಅಕ್ಟೋಬರ್ 16ರಂದು ಪರಿಶೀಲನಾಧಿಕಾರಿಗಳು ದೂರವಾಣಿಯಲ್ಲೇ ವಿಚಾರಣೆ ನಡೆಸಿದರು. ವೆರ್ನಾ ಅವರೂ ಕರೆಯಲ್ಲಿದ್ದರು. ಇದು ಹವ್ಯಾಸವಲ್ಲವೆ ಎಂದು ಅಧಿಕಾರಿಗಳು ಕೇಳಿದಾಗ ಬೇಸಿಲ್ ಬಿಸ್ಕತ್ತು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ ಸದ್ದು ಕೇಳಿಸಿತು. ಎದುರಿಗೆ ರಸೀದಿಗಳಿದ್ದವು, ಓದಿ ಹೇಳಿದ್ದರೆ ಸಾಕಿತ್ತು. ಹಾಗೆ ಮಾಡದೆ ಅವರು ಹೇಳಿದ್ದನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

"ಸಾರ್, ಹವ್ಯಾಸ ಅಂದ್ರೆ ಬೇಜಾರಾದಾಗ ಬಿಟ್ಟುಬಿಡೋದು. ಇವಳು ಜ್ವರ ಬಂದಾಗಲೂ ಬಿಡ್ಲಿಲ್ಲ. ಬೆಳಗಾಗೋಕೆ ಮುಂಚೆ ಎದ್ದು ಹೆಚ್ಚೋಳು. ಉಪ್ಪು ತಾಗಿ ತಾಗಿ ಕೈಯೆಲ್ಲ ಬಿರುಕು. ನಾನು ಒಳಗೆ ಮಲಗಿಕೊಂಡು, ಸದ್ದು ಮಾಡ್ಬೇಡ್ವೇ ಅಂತ ಕೂಗ್ತಿದ್ದೆ. ಬಂದೋರ ಮುಂದೆಲ್ಲ, ನಮ್ಮನೆಯೋಳಿಗೆ ಇದೊಂದು ಹವ್ಯಾಸ ಅಂತ ನಗ್ತಿದ್ದೆ. ಆ ಮಾತಿಗೇ ಸಾರ್ ಅವಳು ನನ್ನ ಹೊರಗೆ ಹಾಕಿದ್ದು. ಸರಿಯಾಗೇ ಮಾಡಿದ್ಲು. ನೀವೂ ಅದೇ ಮಾತಾಡ್ಬೇಡಿ."

ಈ ಹೇಳಿಕೆ ಅಧಿಕಾರದ ವ್ಯಾಪ್ತಿ ಮೀರಿದೆಯೆ, ಕೋಸು ಹೆಚ್ಚುವುದು ಅನುಸೂಚಿ 'ಎ'ಯ ಅಡುಗೆಗೆ ಸೇರುತ್ತದೆಯೆ ಎಂಬ ಬಗ್ಗೆ ಕಾನೂನು ಶಾಖೆಯ ಅಭಿಪ್ರಾಯ ಕೋರಲಾಗಿದೆ. ಹೇಳಿಕೆ ಮುಗಿದ ಮೇಲೆ ಕುಮಾರಿ ಇವೆಟ್, "ಅಮ್ಮಾ, ಲೈನಲ್ಲಿದ್ದೀರಾ?" ಎಂದು ಕೇಳಿದರು. "ಇದ್ದೀನಿ. ಈರುಳ್ಳಿ ಹೆಚ್ತಾ ಇದ್ದೆ," ಎಂದು ವೆರ್ನಾ ಮೂಗು ಸೀಟಿದರು. ಹುಳಿ ಬರಿಸಿದ ಕೋಸಿಗೆ ಈರುಳ್ಳಿ ಹಾಕುವ ಪದ್ಧತಿ ಆ ಕರಾವಳಿಯಲ್ಲಿ ಇಲ್ಲವೆಂದು ಇಲಾಖೆ ಪರಿಶೀಲಿಸಿ ಖಚಿತಪಡಿಸಿಕೊಂಡಿದೆ. ಆದರೂ ಮುಂದಿನ ಕ್ರಮ ಕೈಬಿಡಲಾಗಿದೆ.

8. ಸದರಿ ವ್ಯವಹಾರವು ಕಸುಬೇ ಎಂದು ಅಕ್ಟೋಬರ್ 30ರಂದು ಆದೇಶ ಹೊರಡಿಸಲಾಗಿದೆ. ಅಧಿಕಾರ ಪತ್ರದ ಮುಕ್ತಾಯ ದಿನಾಂಕ ಖಾಲಿ ಇರುವುದನ್ನು ಕುಮಾರಿ ಇವೆಟ್ ಮರುದಿನ ವೆರ್ನಾ ಅವರ ಗಮನಕ್ಕೆ ತಂದಾಗ, "ಇವತ್ತಿನ ತಾರೀಕೇ ಹಾಕು," ಎಂದರು. ಬರೆಯುವಷ್ಟರಲ್ಲಿ, "ತಾಳು ತಾಳು. ಏನು ಅವಸರ? ಖಾಲಿ ಇರ್ಲಿ ಬಿಡು," ಎಂದರು. ಹೀಗೆ ಖಾಲಿ ಬಿಟ್ಟ ದಿನಾಂಕವನ್ನು ಯಾವ ಸಿಬ್ಬಂದಿಯೂ ಸ್ವಂತ ವಿವೇಚನೆಯಿಂದ ತುಂಬತಕ್ಕದ್ದಲ್ಲ.

9. ತೆರಿಗೆದಾರರಿಂದ ಸಿಬ್ಬಂದಿ ಉಡುಗೊರೆ ಸ್ವೀಕರಿಸುವುದು ನಿಷಿದ್ಧ. ಅಂಚೆಯಲ್ಲಿ ಬಂದ ಎರಡು ಜಾಡಿ ಹುಳಿ ಕೋಸಿನಲ್ಲಿ ಒಂದು ದಾಖಲೆ ಕೊಠಡಿಯಲ್ಲಿ ಒಡೆದು, ಅಲ್ಲಿನ ಕಡತಗಳನ್ನು ತೆರೆದಾಗಲೆಲ್ಲ ಹಸಿವಾಗುತ್ತದೆಂಬ ದೂರು ಬಂದಿದೆ. ಇನ್ನೊಂದನ್ನು ಸಾಸೇಜಿನೊಂದಿಗೆ ವಿಲೇವಾರಿ ಮಾಡಲಾಗಿದೆ.

ಮೇಲ್ಕಂಡ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ಚಾಚೂ ತಪ್ಪಿದಲ್ಲಿ ಚಾಚುವಿನ ಬಗ್ಗೆ ಪ್ರತ್ಯೇಕ ವರದಿ ಸಲ್ಲಿಸತಕ್ಕದ್ದು.

(ಸಹಿ/-)
ಉಪನಿರ್ದೇಶಕರು
(ಪ್ರತಿನಿಧಿಗಳು: ಹಾಲಿ ಹಾಗೂ ಮಾಜಿ)

ಪ್ರತಿಗಳು:
1. ದೂರವಾಣಿ ಶಾಖೆಯ ಸಮಸ್ತ ಸಿಬ್ಬಂದಿಗೆ, ರಜೆಯಿಂದ ಮರಳಿದ ನಂತರ.
2. ಕಾನೂನು ಶಾಖೆಗೆ, ಕೋಸಿನ ಕುರಿತ ಅಭಿಪ್ರಾಯ ಇನ್ನೂ ಬಾರದಿರುವ ಬಗ್ಗೆ ನೆನಪೋಲೆಯಾಗಿ.
3. ಶ್ರೀಮತಿ ವೆರ್ನಾ ಕೋರ್ಕಮ್ ಇವರಿಗೆ, ಪೆಟ್ರೆಲ್ ಕೋವ್.
4. ಶ್ರೀ ಬೇಸಿಲ್ ಐಸ್ನರ್ ಇವರಿಗೆ, ಸ್ವಂತ ವಿಳಾಸಕ್ಕೆ. ಭಾನುವಾರ ಮಧ್ಯಾಹ್ನ ಸಂಪರ್ಕಿಸಬೇಕಾದಲ್ಲಿ ಕ್ರಮ ಸಂಖ್ಯೆ 3ರ ವಿಳಾಸ.
5. ಕಚೇರಿ ಪ್ರತಿ.