ಕೌದಿ ಹೊದ್ದ ಮಷೀನು, ಮಾವನ ಬಲಗಿವಿ

ಚಳಿಗಾಲದಲ್ಲಿ ತಾನು ತೆಳು ಧೋತರ ಹೊದ್ದು ಮಲಗಿ, ಮನೆಯ ಬೆಚ್ಚನೆಯ ಕೌದಿಯನ್ನು ಮಷೀನಿಗೆ ಹೊದಿಸುವ ಗಂಡಸನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಶಹಾಬಾದಿಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಆದರೆ ಅವನ ಬಲಗಡೆಯಿಂದಲೇ ಬನ್ನಿ. ಎಡಗಡೆ ನಿಂತು ನೀವು ಶರಣು ಅಂದರೆ ಅದು ಗೋಡೆಗೆ ಸೇರುತ್ತದೆ.

ಅವನ ಎಡಗಿವಿ ಊರಿನ ಕಲ್ಲಿಗೆ ಅರ್ಪಿತ. ಹಾಸುಗಲ್ಲು ಕೊಯ್ಯುವ ಯಂತ್ರದ ಎದುರೇ ಪ್ರಾಯ ಕಳೆದವನು. "ಆಗೂ ಕಿವಿಗಿ ರುಮಾಲ್ ಕಟ್ಕೋತಿದ್ವಿ, ಖರೇ ಅಂದ್ರ ಬಿಸಲಿಗಿ," ಅನ್ನುತ್ತಾನೆ. ಕೆಲಸ ಬಿಟ್ಟ ಮೇಲೆ ಸುಮ್ಮನೆ ಕೂತರೆ ಅವನು ನಮ್ಮ ಮಾವನೇ ಅಲ್ಲ. ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಬಡಗಿ ಕೆಲಸ ಹಚ್ಚಿಕೊಂಡ. ಕಟ್ಟಿಗೆಯ ಪುಡಿ ಹಾರಿ ಅತ್ತೆಯ ರೊಟ್ಟಿ ಹಿಟ್ಟಿಗೆ ಬೀಳತೊಡಗಿದಾಗ, ಅದನ್ನು ಹೀರಲು ವ್ಯಾಕ್ಯೂಮ್ ಮಷೀನು ತಂದ. ಪುಡಿ ಹೋಯಿತು, ಜತೆಗೆ ಶಾಂತಿಯೂ ಹೋಯಿತು! ಅದರ ಸದ್ದಿಗೆ ತಮ್ಮ ಪಾರಿವಾಳಗಳು ವಾಡಿ ಊರಿಗೇ ಓಡಿಹೋದವೆಂದು ಪಕ್ಕದ ಮನೆಯವರು ಈಗಲೂ ಹೇಳುತ್ತಾರೆ.

ಕಲಬುರಗಿಯ ಕಿವಿ ಡಾಕ್ಟರು ಗಂಭೀರವಾಗಿಯೇ ಹೇಳಿದ್ದರು: "ಎಡಗಿವಿ ಹೋಯ್ತು, ವಾಪಸ್ ಬರಂಗಿಲ್ಲ. ಬಲಗಿವಿ ಜ್ವಾಕಿ ಮಾಡ್ಕೋರಿ. ಒಂದು ಕೈ ದೂರ ನಿಂತವರ ಕೂಡ ಒದರಿ ಮಾತಾಡೋ ಹಂಗ ಸಪ್ಪಳ ಇತ್ತಂದ್ರ, ಕಿವಿಗಿ ಧೋಕಾ ಅದ ಅಂತ ತಿಳ್ಕೋರಿ." ಜತೆಗೆ ಹೋಗಿದ್ದ ಅತ್ತೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವನ ಬಲಗಡೆಯ ಕಿಟಕಿ ಮುಚ್ಚಿ, ಬೆವರುತ್ತಲೇ ಕೂತಳಂತೆ.

ಮಾವನೋ, ಆ ಕೈಯಳತೆಯನ್ನು ವಚನದ ಹಾಗೆ ಬಾಯಿಪಾಠ ಮಾಡಿದ. ಅಂದಿನಿಂದ ಅವನ ಕೈ ಸದಾ ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಸೇಡಂನಲ್ಲಿ ನನ್ನ ಮದುವೆಯ ದಿನ ಬ್ಯಾಂಡಿನವರ ಎದುರು ಕೈ ಚಾಚಿ ಸದ್ದು ಅಳೆಯುತ್ತ ನಿಂತ. ತುತ್ತೂರಿಯವನು ಖುಷಿಯಾಗಿ ಆ ಕೈ ಕುಲುಕಿ, ಇನ್ನೂ ಜೋರಾಗಿ ಊದಿದ! "ನಿಮ್ಮ ಮಾವಗ ಬ್ಯಾಂಡ್ ಭಾಳ ಸೇರ್ತದ ಕಾಣ್ತದ," ಎಂದರು ಬೀಗರು. ನಾನು ಹೂಂ ಅಂದೆ. ಮದುಮಗಳು ಬೇರೆ ಏನನ್ನಬೇಕು?

ವ್ಯಾಕ್ಯೂಮಂತೂ ಕೈಯಳತೆಯಲ್ಲಿ ಫೇಲಾಯಿತು. ಗರಗಸದ ಯಂತ್ರ ಹಾಕುವಾಗ ಮಾವ ಸದ್ದು ತಡೆಯುವ ಕಿವಿಮುಚ್ಚಳ ಹಾಕಿಕೊಳ್ಳುತ್ತಿದ್ದ. ವ್ಯಾಕ್ಯೂಮಿಗೂ ಹಾಕಿಕೋ ಅಂದರೆ ಮಾತ್ರ ಸುತರಾಂ ಒಪ್ಪ. ಯಾಕಂತೆ? ನನಗೆ ಹೇಳಿದ್ದು, ನಲ್ಲಿಗೆ ನೀರು ಬಂದದ್ದು ಕೇಳಬೇಕು ಎಂದು. ಪಕ್ಕದವರಿಗೆ ಹೇಳಿದ್ದು, ರೈಲಿನ ಸೀಟಿ ಕೇಳಬೇಕು ಎಂದು. ಅತ್ತೆಗೆ ಹೇಳಿದ್ದು ಕುಕ್ಕರಿನ ಸೀಟಿ! ಕುಕ್ಕರಿನ ಎದುರೇ ಕೂತವಳಿಗೆ ಇವನ ಪಹರೆ ಏತಕ್ಕೆ?

ಕೊನೆಗೆ ಮಷೀನನ್ನೇ ಪ್ಲೈವುಡ್ ಡಬ್ಬಿಯೊಳಗೆ ಕೂರಿಸಿ, ಸುತ್ತ ಕೌದಿ ತುರುಕಿ, ಒಂದು ಸಂದೂ ಬಿಡದೆ ಮುಚ್ಚಿದ. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮಷೀನೂ ನಿಂತಿತು! ಸುಟ್ಟ ವಾಸನೆಗೆ ಅತ್ತೆ ರೊಟ್ಟಿ ಸೀದಿತೆಂದು ಹಂಚು ಇಳಿಸಿದಳು. "ಉಸುರುಗಟ್ಟಿ ಸತ್ತದ," ಎಂದು ಮಾವ ಪಂಚನಾಮೆ ಮಾಡಿದ. ರಿಪೇರಿಯಾಗಿ ಬಂದ ಮೇಲೆ ಡಬ್ಬಿಗೆ ಗಾಳಿ ಬರಲು ಒಂದು, ಹೋಗಲು ಒಂದು ಅಂಕುಡೊಂಕು ದಾರಿ ಮಾಡಿದ. ದಾರಿಯ ಗೋಡೆಗೆ ಕೌದಿಯ ತುಂಡು ಹಚ್ಚಿದ, ಮಷೀನಿನ ಅಡಿಗೆ ಹಳೇ ರಬ್ಬರ್ ಚಪ್ಪಲಿ ಇಟ್ಟ. ಗಾಳಿ ತಿರುತಿರುಗಿ ಹೊರಗೆ ಬಂತು, ಸದ್ದು ಮಾತ್ರ ತಿರುವಿನಲ್ಲೇ ಸುಸ್ತಾಯಿತು.

ಆದರೆ ಅತ್ತೆಗೆ ಕೌದಿಯ ಗುರುತು ಹತ್ತಿಬಿಟ್ಟಿತಲ್ಲ! ಚಿಂಚೋಳಿಯ ತವರಿನದು, ಅವಳವ್ವನ ಸೀರೆಗಳಿಂದ ಹೊಲಿದದ್ದು.

"ನಮ್ಮವ್ವನ ಸೀರಿ ಕತ್ತರಿಸಿ ಮಷೀನಿಗಿ ಹೊಚ್ಚೀರಿ?"

"ಮನ್ಯಾಗ ಗದ್ದಲ ಆದ್ರ ನಿಮ್ಮವ್ವನೇ ನಿಲ್ಲಿಸ್ತಿದ್ಳು. ಈಗೂ ಅದೇ ಕೆಲಸ ಮಾಡ್ಲಿಕತ್ತಾಳ."

ಅತ್ತೆ ಮಾತು ಬಿಟ್ಟಳು. ಹಾಗೆ ನೋಡಿದರೆ ಅವಳು ಗಂಡನ ಮುಖ ನೋಡಿ ಎಂದೂ ಬೈದವಳಲ್ಲ. ರೊಟ್ಟಿ ಬಡಿಯುತ್ತ, ಹಿಟ್ಟಿಗೆ ಹೇಳಿದಂತೆ ಮೆಲ್ಲಗೆ ಗೊಣಗುತ್ತಾಳೆ. ಕಿವುಡನಿಗೆ ಎಲ್ಲಿ ಕೇಳಬೇಕು ಎಂಬ ಧೈರ್ಯ. ಅಂದು ನಾನು ಅಡುಗೆಮನೆಯ ಹೊಸ್ತಿಲಲ್ಲಿ ಚಾ ಕುಡಿಯುತ್ತ ಕೂತಿದ್ದೆ. ಆಚೆ ಕೋಣೆಯಲ್ಲಿ ವ್ಯಾಕ್ಯೂಮ್ ಡಬ್ಬಿಯೊಳಗೇ ಗುಂಯ್ ಅನ್ನುತ್ತಿತ್ತು. ಅತ್ತೆ ಬೆನ್ನು ಮಾಡಿ ಹಿಟ್ಟಿಗೆ ಶುರು ಮಾಡಿದಳು: "ಕೋಣನ ಮುಂದ ಕಿನ್ನರಿ. ಎಷ್ಟ್ ಹೇಳಿದ್ರೂ ಅಷ್ಟೇ. ಈ ಕಿವಿಲಿಂದ ಕೇಳಿ ಆ ಕಿವಿಲಿಂದ ಬಿಡ್ತಾರ."

"ಆ ಕಿವಿ ಎಲ್ಲದ?" ಕೋಣೆಯಿಂದ ಮಾವನ ದನಿ ಬಂತು. "ಬಿಡ್ಲಿಕ್ಕ ದಾರೀನೇ ಇಲ್ಲ. ನೀ ಅಂದಿದ್ದೆಲ್ಲಾ ಒಳಗೇ ಕುಂತದ."

ರೊಟ್ಟಿ ಬಡಿಯುವ ಕೈ ನಿಂತಿತು. "ಅಂದ್ರ ಇಷ್ಟ್ ವರ್ಷ ಎಲ್ಲಾ ಕೇಳ್ಕೋತ ಕುಂತೀರಿ?"

"ಈ ಮಷೀನ್ ಬಂದ ಮ್ಯಾಲ ಕೇಳ್ಸವಲ್ದಾಗಿತ್ತು. ಅದಕ್ಕೇ ಡಬ್ಬಿ ಮಾಡ್ದೆ."

ನಲ್ಲಿ ನೀರು, ರೈಲು, ಕುಕ್ಕರು ಎಲ್ಲ ಬರೀ ಸುಳ್ಳು! ಛೇಡಿಸಬೇಕೆಂದು ಬಾಯಿ ತೆರೆದವಳು ಚಾದ ಲೋಟವನ್ನೇ ಬಾಯಿಗಿಟ್ಟೆ.

ಅತ್ತೆ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಹತ್ತಿರವಿದ್ದ ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ, "ಅದೊಂದು ಕಿವಿನೂ ಹೋದ್ರ ನಾ ಯಾರ್ ಕೂಡ ಮಾತಾಡ್ಲಿ ಅಂತ ಅಂಜಿಕಿ ಬಂದಿತ್ತು ನೋಡು," ಎಂದು ಹಿಟ್ಟಿಗೆ ಹೇಳಿದಳು.

ಕೋಣೆಯಲ್ಲಿ ವ್ಯಾಕ್ಯೂಮ್ ನಿಂತಿತು. ಮಾವ ಬಂದ. ಕೈ ಚಾಚಿ ಅವಳಿಂದ ಒಂದು ಕೈ ದೂರ ಅಳೆದು, ಬಲಗಿವಿ ಅವಳ ಕಡೆ ಬರುವಂತೆ ಮಣೆ ಹಾಕಿಕೊಂಡು ಕೂತ.

"ಹೂಂ, ಮುಂದ ಹೇಳು," ಅಂದ.