ಮ್ಯೂಟ್ ತೆಗೆದ ದಿನ

ಬೀದಿಯ ಹಾಡಿನ ಗುಂಪು ಅಂದು ಸಂಜೆಯಿಂದ ಹೊಸ ಆ್ಯಪ್‌ಗೆ ಹೋಗುತ್ತದೆಂದು ಎಲ್ಲರೂ ಕುಣಿದಾಡುತ್ತಿದ್ದರು. ಕನ್ನಡಕದಂಗಡಿ ಮಾಮ ಮಾತ್ರ ಬೆಳಗಿನ ಕಾಫಿಯನ್ನು ಅರ್ಧಕ್ಕೇ ಬಿಟ್ಟ.

ಸೇರಲು ಜಾಗವಿಲ್ಲದ ಈ ಗುಂಪು ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಹಾಡುತ್ತಿತ್ತು. ಹಳೇ ಆ್ಯಪ್‌ನಲ್ಲಿ ದನಿಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತಿದ್ದವು. ಅದಕ್ಕೇ ಟೀಚರ್ ದನಿ ಮಾತ್ರ ಕೇಳಬೇಕು, ಉಳಿದವರು ಮ್ಯೂಟ್ ಮಾಡಿಕೊಂಡು ಹಾಡಬೇಕು ಎಂಬ ಪದ್ಧತಿ. ಮಾಮ ಅಂಗಡಿಯ ಶಟರ್ ಅರ್ಧ ಎಳೆದು, ಮೊದಲ ವಾರದಿಂದಲೂ ಬರೀ ತುಟಿ ಅಲ್ಲಾಡಿಸುತ್ತಿದ್ದ. ಪಾಪ, ತನ್ನ ದನಿ ಎಂಥದ್ದೆಂದು ಅವನಿಗೆ ಗೊತ್ತಿತ್ತು. ಹೆಂಡತಿ ಮಾತ್ರ ಮನೆಯಲ್ಲಿ ಕುಳಿತು ಫೋನಿನ ಪರದೆಯಲ್ಲಿ ಅವನ ಮುಖಭಾವ ನೋಡಿಯೇ ಮರುಳಾಗಿ, "ನಮ್ಮನೆಯವರು ಎಷ್ಟು ಚೆನ್ನಾಗಿ ಹಾಡ್ತಾರೆ ಗೊತ್ತಾ" ಎಂದು ತವರಿಗೆಲ್ಲ ಸಾರಿದ್ದಳು. ಹೊಸ ಆ್ಯಪ್‌ನಲ್ಲಿ ಎಲ್ಲರ ದನಿಯೂ ಒಟ್ಟಿಗೆ ಸ್ಪಷ್ಟವಾಗಿ ಕೇಳುತ್ತದಂತೆ. ಅಂದರೆ ಸಂಜೆಗೆ ಮಾನ ಹರಾಜು.

ಮಾಮ ಟೀಚರ್ ಮನೆಗೆ ಓಡಿದ.

"ಆ ಆ್ಯಪ್ ಬೇಡ ಟೀಚರ್. ಫೋನ್ ಬಿಸಿಯಾಗುತ್ತೆ. ಮೈಕ್ ಪರ್ಮಿಶನ್ ಕೇಳುತ್ತೆ, ಸೆಟ್ಟಿಂಗ್ ಎಲ್ಲ ಅದಲುಬದಲಾಗುತ್ತೆ."

"ನಿಮಗೆ ಇಷ್ಟೆಲ್ಲ ಗೊತ್ತಾ? ಯಾರನ್ನ ಕೇಳೋದು ಅಂತ ತಲೆ ಕೆಡಿಸ್ಕೊಂಡಿದ್ದೆ. ಎಲ್ಲರ ಫೋನಿಗೂ ನೀವೇ ಹಾಕ್ಕೊಟ್ಬಿಡಿ."

ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಒಬ್ಬರೂ ಕನ್ನಡಕಕ್ಕೆ ಬಂದವರಲ್ಲ. "ಬೇಗ ಹಾಕಿ ಮಾಮ, ಇವತ್ತಾದ್ರೂ ನಿಮ್ಮ ದನಿ ಕೇಳ್ಬೇಕು" ಎಂದು ಟೈಲರ್ ಅಕ್ಕ ಫೋನ್ ಚಾಚಿದಳು. ಬಸ್ ಡ್ರೈವರ್‌ಗೆ ಪಾಸ್‌ವರ್ಡ್ ಮರೆತುಹೋಗಿತ್ತು. ಮಾಮ ಕೊನೆಯ ಉಪಾಯವಾಗಿ ಗಂಟಲು ಹಿಡಿದುಕೊಂಡು, "ನನಗೆ ದನಿ ಕಟ್ಟಿದೆಯಪ್ಪ" ಎಂದ. ಡ್ರೈವರ್ ಎದುರಿನ ಔಷಧದಂಗಡಿಯಿಂದ ಕಹಿ ಸಿರಪ್ ತಂದು, ಬಾಯಿ ತೆರೆಸಿ ಕುಡಿಸಿಯೇ ಬಿಟ್ಟ. ಇದ್ದ ಗಂಟಲು ಇನ್ನಷ್ಟು ತೆರೆದುಕೊಂಡಿತು.

ಸಂಜೆ ಹೆಂಡತಿ ತನ್ನ ತಂಗಿಯನ್ನೂ ಕರೆದುಕೊಂಡು ಅಂಗಡಿಗೇ ಬಂದು ಕುಳಿತಳು. ಪರದೆಯ ತುಂಬ ಮುಖಗಳು ಮೂಡಿದವು.

"ಇವತ್ತು ನಾನು ಹಾಡಲ್ಲ, ಬರೀ ಕೇಳ್ತೀನಿ. ಶುರು ಮಾಡಿ" ಎಂದರು ಟೀಚರ್.

ಎಲ್ಲರ ಬಾಯಿಯೂ ತೆರೆಯಿತು. ಇಷ್ಟು ಜನರ ನಡುವೆ ನನ್ನ ದನಿ ಯಾರಿಗೆ ಕೇಳೀತು ಎಂದುಕೊಂಡು, ಮಾಮ ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಹಾಕಿ ಹಾಡಿದ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು.

ಎರಡು ಸಾಲು ಮುಗಿಯುವಷ್ಟರಲ್ಲಿ ಏನೋ ಎಡವಟ್ಟಾಗಿದೆ ಅನ್ನಿಸಿತು. ಕಣ್ಣು ಬಿಟ್ಟರೆ ಎಲ್ಲರ ತುಟಿಯೂ ಅಲ್ಲಾಡುತ್ತಿದೆ, ಒಬ್ಬರ ದನಿಯೂ ಇಲ್ಲ.

"ಎಲ್ಲರ ಮೈಕೂ ಆನ್ ಇದೆಯಲ್ವಾ ಮಾಮ?" ಟೀಚರ್ ಕೇಳಿದರು.

"ಇದೆ ಟೀಚರ್. ನಾನೇ ಹಾಕಿದ್ದು."

ಒಂದೊಂದೇ ಬಾಯಿ ಮುಚ್ಚಿಕೊಂಡಿತು. "ಇಷ್ಟು ಜನರಲ್ಲಿ ನಾನೊಬ್ಬಳು ಹಾಡದಿದ್ರೆ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ" ಎಂದು ಟೈಲರ್ ಅಕ್ಕ ತಲೆ ತಗ್ಗಿಸಿದಳು.

"ಅಂದ್ರೆ ಇಷ್ಟು ದಿನವೂ ನಿಜವಾಗಿ ಹಾಡಿದ್ದು ಇವರೊಬ್ರೇ" ಎಂದರು ಟೀಚರ್, ಗದ್ಗದಿತರಾಗಿ. ಮಾಮನ ಎದೆ ಉಬ್ಬಿತು. ಹೆಂಡತಿ ತಂಗಿಯನ್ನು ಮೊಣಕೈಯಿಂದ ತಿವಿದಳು.

ಡ್ರೈವರ್ ಕೆಮ್ಮಿ ದನಿ ಸರಿಮಾಡಿಕೊಂಡ. "ಹಾಗಾದ್ರೆ ಟೀಚರ್, ಮುಂದಿನ ತಿಂಗಳು ಸಭಾಂಗಣದಲ್ಲಿ ನಮ್ಮ ಗುಂಪಿನ ಕಾರ್ಯಕ್ರಮ ಇದೆಯಲ್ಲ, ಅಲ್ಲಿ ಮೈಕ್ ಇವರ ಕೈಗೇ ಕೊಡಿ. ನಾವೆಲ್ಲ ಹಿಂದೆ ನಿಂತು ತುಟಿ ಅಲ್ಲಾಡಿಸ್ತೀವಿ."

"ಅಯ್ಯೋ, ಬೇಡ" ಎಂದು ಮಾಮ ಅನ್ನುವಷ್ಟರಲ್ಲಿ, ಹೊಸ ಆ್ಯಪ್‌ನಲ್ಲಿ ಅಷ್ಟೂ ದನಿಗಳು ಮೊದಲ ಬಾರಿಗೆ ಒಟ್ಟಿಗೆ, ಸ್ಪಷ್ಟವಾಗಿ ಕೇಳಿಸಿದವು: "ಹೌದು ಟೀಚರ್, ಅದೇ ಸರಿ."