ಮಾವನ ಹೊಲಕ್ಕೆ ಮುನ್ನೂರು

ಒಂಬತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಕೋಲಣ್ಣ ತನ್ನ ಮಾವನಿಗೆ ಒಂದು ಮಾತು ಕೊಟ್ಟಿದ್ದ. "ನಿಮ್ಮ ಕೆಳಗಿನ ಹೊಲಕ್ಕೆ ಆಳದ ನೇಗಿಲು ಇಳಿಸಿಯೇ ಇಳಿಸ್ತೀನಿ ಮಾವ." ಆ ಹೊಲದ ಪೈರು ವರ್ಷವೂ ಮೊಣಕಾಲೆತ್ತರಕ್ಕೆ ನಿಂತು ಹಳದಿಯಾಗುತ್ತಿತ್ತು. ಮಾವ ಮರೆಯುವ ಪೈಕಿಯವರಲ್ಲ. ಹೆಂಡತಿಯಂತೂ ಆ ಮಾವನ ಮಗಳು.

ಕೋಲಣ್ಣ ಎಂಬುದು ಮಣ್ಣು ಪರೀಕ್ಷೆಯ ಕಚೇರಿಯವರು ಇಟ್ಟ ಹೆಸರು. ಚೂಪು ತುದಿಯ ಉಕ್ಕಿನ ಕೋಲನ್ನು ನೆಲಕ್ಕೆ ಒತ್ತಿ, ಹಿಡಿಯ ಕೆಳಗಿರುವ ಗಡಿಯಾರದಂಥ ಮುಖದಲ್ಲಿ ಮುಳ್ಳು ಎಲ್ಲಿಗೆ ಹೋಯಿತೆಂದು ನೋಡುವುದು ಅವನ ಕೆಲಸ. ಮೆತ್ತಗಿನ ಮಣ್ಣಿಗೆ ಮುಳ್ಳು ಹಸಿರಿನಲ್ಲಿ, ಬಿಗಿಯಾದಂತೆ ಹಳದಿಯಲ್ಲಿ. ಮುನ್ನೂರು ಮುಟ್ಟಿದರೆ ಕೆಂಪು. ಕೆಂಪೆಂದರೆ ಬೇರು ಅಲ್ಲಿಂದ ಕೆಳಗೆ ಇಳಿಯದು. ಇದನ್ನು ಯಾರು ಬೇಕಾದರೂ ಮಾಡಬಹುದು ಅನಿಸುತ್ತದೆ, ಮಾಡಿ ನೋಡುವವರೆಗೆ. ಬೇರೆಯವರು ಮೈಭಾರ ಹಾಕಿ ಜಜ್ಜುತ್ತಾರೆ, ಮುಳ್ಳು ಹೆದರಿದ ಕುರಿಯಂತೆ ಓಡುತ್ತದೆ. ಕೋಲಣ್ಣ ಮಾತ್ರ ಮಲಗಿದ ಮಗುವಿಗೆ ಹೊದಿಕೆ ಎಳೆಯುವ ನಿಧಾನದಲ್ಲಿ ಒತ್ತುತ್ತಾನೆ. ತಾಗಿದ್ದು ಕಲ್ಲೋ ಗಟ್ಟಿ ಪದರವೋ ಎಂದು ಅವನ ಅಂಗೈಯೇ ಹೇಳುತ್ತದೆ.

ಆ ಗಟ್ಟಿ ಪದರವನ್ನು ಒಡೆಯುವ ಆಳದ ನೇಗಿಲು ಕಚೇರಿಯಲ್ಲಿ ಇರುವುದು ಒಂದೇ. ಹತ್ತು ವರ್ಷಕ್ಕೊಮ್ಮೆ ಬರುವ ಸರದಿ ಮಾವನ ಊರಿಗೆ ಈ ಸಲ ಬಂದಿತ್ತು, ಅದೂ ಒಂದೇ ದಿನಕ್ಕೆ. ಯಾರ ಹೊಲ ಎಲ್ಲಕ್ಕಿಂತ ಗಟ್ಟಿಯೋ ನೇಗಿಲು ಅವರಿಗೆ. ಅಳೆಯುವವನು ಅಳಿಯನೇ ಆದ್ದರಿಂದ ಮುಳ್ಳು ಓದಲು ಕಚೇರಿಯ ಮೇಡಂ ತಾವೇ ಬಂದರು.

ನೇಗಿಲು ಕೇಳಿದವರು ಇಬ್ಬರು. ಮೊದಲು ಮಾವನ ಪಕ್ಕದ ಹೊಲ. ಅದರ ಒಡೆಯನನ್ನು ಊರು ಕರೆಯುವುದು ಗೇರಣ್ಣ ಎಂದು; ಮಾತಾಡುವಾಗಲೂ ಟ್ರ್ಯಾಕ್ಟರಿನ ಗೇರು ಬದಲಿಸಿದಂತೆ ಗುರ್ರೆನ್ನುವ ಮನುಷ್ಯ. ಖಾಲಿ ಹೊಲದ ತುಂಬ ಚಕ್ರದ ಗುರುತು.

"ಏನಣ್ಣಾ, ಟ್ರ್ಯಾಕ್ಟರಿಗೆ ವಾಕಿಂಗ್ ಮಾಡಿಸಿದ್ರಾ?" ಎಂದ ಕೋಲಣ್ಣ.

"ಗಟ್ಟಿ ಇದ್ದೋರಿಗೆ ನೇಗಿಲು ಅಂದ್ರಲ್ಲ, ಎರಡು ದಿನ ಓಡಿಸ್ದೆ. ಪರೀಕ್ಷೆ ಅಂದ್ಮೇಲೆ ಸ್ವಲ್ಪ ಓದ್ಕೋಬೇಕಪ್ಪ."

ಅರ್ಧ ಗೇಣಿಗೇ ಮುಳ್ಳು ಮುನ್ನೂರ ನಲವತ್ತು. ಗೇರಣ್ಣನ ಮುಖ ಹೊಸ ಹೆಡ್‌ಲೈಟಿನಂತೆ ಬೆಳಗಿತು.

"ಮೇಡಂ, ಇದು ಒಣ ಮಣ್ಣು," ಎಂದ ಕೋಲಣ್ಣ. "ಒಣಗಿದ್ರೆ ಎಂಥ ಮಣ್ಣೂ ಕೆಂಪೇ ತೋರ್ಸುತ್ತೆ. ಚೆನ್ನಾಗಿ ನೀರು ಕುಡಿದು ಒಂದು ದಿನ ಆದ್ಮೇಲೆ ಅಳೆದ್ರೆ ಮಾತ್ರ ಸರಿ."

"ಗೊತ್ತು ಕಣ್ರೀ. ಮಳೆ ಎಲ್ಲಿಂದ ತರೋಣ?"

ಬದುವಿನಾಚೆ ಮಾವ ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿದ್ದರು. ಕೋಲಣ್ಣ ಅವರ ಹೊಲಕ್ಕೆ ಕಾಲಿಟ್ಟ. ಚಪ್ಪಲಿ ಕಚಕ್ಕನೆ ಹೂತಿತು.

"ಮಾವ, ಇದೇನಿದು?"

ಮಾವ ಅವನನ್ನು ಪಕ್ಕಕ್ಕೆ ಕರೆದರು. "ದೊಡ್ಡೋರು ಬರ್ತಾರೆ. ಅವರ ಮುಂದೆ ನಮ್ಮ ಹೊಲ ಕಲ್ಲು ಅಂತ ಬಂದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು ಅಳಿಯಂದ್ರೇ? ಎರಡು ದಿನ ನೀರು ಬಿಟ್ಟು ನಿನ್ನೆ ನಿಲ್ಲಿಸ್ದೆ."

"ಗಟ್ಟಿ ಇದ್ರೇನೇ ನೇಗಿಲು ಸಿಗೋದು ಮಾವ. ನಿಮ್ಮ ಮಗಳಿಗೆ ಹೇಳಿದ್ನಲ್ಲ."

"ಅವಳು ಫೋನಲ್ಲಿ, ಹೊಲ ಚೆನ್ನಾಗಿ ಕಾಣ್ಬೇಕು ಅಂದ್ಲು, ಅಷ್ಟೇ."

ಕೋಲಣ್ಣ ಕೋಲನ್ನು ನೆಲಕ್ಕೆ ಊರಿದ. ಹಿಡಿಯ ಮೇಲೆ ಒಂದಿಷ್ಟು ಮೈಭಾರ ಬಿಟ್ಟರೆ ಮುಳ್ಳು ಹೇಳಿದಂತೆ ಕೇಳುತ್ತದೆ. ಮೇಡಂ ನೋಡುವುದು ಮುಳ್ಳನ್ನು, ಭುಜವನ್ನಲ್ಲ. ಭುಜ ಒಮ್ಮೆ ಮುಂದೆ ಬಾಗಿತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡು ಎಂದಿನ ನಿಧಾನದಲ್ಲೇ ಒತ್ತಿದ. ಕೋಲು ಬೆಣ್ಣೆಗಿಳಿದಂತೆ ಇಳಿಯಿತು. ಹಸಿರು. ಒಂದು ಗೇಣಾಯಿತು, ಆಗಲೂ ಹಸಿರು. ಅಲ್ಲಿಂದಾಚೆ ಅಂಗೈಗೆ ಏನೋ ತಾಗಿತು. ಹಳದಿ. ಮುನ್ನೂರು. ಹತ್ತು ಕಡೆ ಒತ್ತಿದ. ಹತ್ತೂ ಕಡೆ ಅದೇ ಆಳ, ಅದೇ ಮುನ್ನೂರು.

"ಇಷ್ಟು ನೀರು ಕುಡಿದೂ ಮುನ್ನೂರು ಅಂದ್ರೆ ಇದೇ ನಿಜವಾದ ಗಟ್ಟಿ," ಎಂದರು ಮೇಡಂ. "ಯಜಮಾನರೇ, ಅಳೆಯೋ ಮುಂಚೆ ನೀರು ಬಿಡ್ಬೇಕು ಅಂತ ಪುಸ್ತಕದಲ್ಲಿದೆ. ಪಾಲಿಸಿದ್ದು ನೀವೊಬ್ರೇ. ನಿಮ್ಮ ಅಳಿಯನಂಥ ಕೈ ನಮ್ಮ ಕಚೇರೀಲಿ ಇನ್ನೊಂದಿಲ್ಲ, ತಿಳ್ಕೊಳಿ."

ಮೇಡಂ ಮಾವನ ಹೆಸರು ಬರೆದುಕೊಂಡರು. ಮಾವ ಪುಸ್ತಕ ಬರೆದವರೇ ತಾವೆಂಬಂತೆ ನಿಂತರು. ಗೇರಣ್ಣ ನ್ಯೂಟ್ರಲ್ಲಿಗೆ ಬಂದ. ಕೋಲಣ್ಣ ಹೆಂಡತಿಗೆ ಫೋನ್ ಮಾಡಿದ. "ಕೊನೆಗೂ," ಎಂದಳು ಅವಳು. ಒಂಬತ್ತು ವರ್ಷದಲ್ಲಿ ಅವಳಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು.

ಅಷ್ಟರಲ್ಲಿ ನೇಗಿಲಿನ ಟ್ರ್ಯಾಕ್ಟರು ಬಂತು. ಚಾಲಕ ಇಳಿದು, ಒಂದು ಗೇಣು ಬಗೆದು, ಹಿಡಿ ಮಣ್ಣು ತೆಗೆದು ಅಂಗೈಗಳ ನಡುವೆ ಹೊಸೆದ. ಮಣ್ಣು ಉದ್ದಕ್ಕೆ ದೀಪದ ಬತ್ತಿಯಾಯಿತು.

"ಆಗಲ್ಲ ಮೇಡಂ. ಈ ಹಸಿಯಲ್ಲಿ ನೇಗಿಲು ಇಳಿಸಿದ್ರೆ ಪದರ ಒಡೆಯಲ್ಲ, ಸೋಪು ಕುಯ್ದಂಗೆ ಕುಯ್ಯುತ್ತೆ. ಮೇಲಿಂದ ನನ್ನ ಚಕ್ರ ಇನ್ನಷ್ಟು ಗಟ್ಟಿ ಮಾಡುತ್ತೆ. ಒಣಗೋಕೆ ಹತ್ತು ದಿನ ಬೇಕು. ನಾಳೆ ನಾನು ಬೇರೆ ಊರಲ್ಲಿರ್ಬೇಕು."

ಮೇಡಂ ಕೋಲಣ್ಣನತ್ತ ನೋಡಿದರು. ಅಳೆಯಲು ಹಸಿ ಬೇಕು, ಉಳಲು ಒಣ ಬೇಕು. ಇಪ್ಪತ್ತು ವರ್ಷದಿಂದ ಇದನ್ನೇ ಊರಿಗೆಲ್ಲ ಹೇಳಿಕೊಂಡು ಬಂದವನು ಅವನೇ. ಮುನ್ನೂರರ ಖುಷಿಯಲ್ಲಿ ಮರೆತಿದ್ದ.

"ಅವರು ಹೇಳೋದು ಸರಿ ಮೇಡಂ," ಎಂದ.

"ಒಣಗಿರೋ ಹೊಲ ಯಾವುದಿದೆ ಇಲ್ಲಿ?"

ಗೇರಣ್ಣ ಆಗಲೇ ಬೇಲಿ ಸರಿಸುತ್ತಿದ್ದ. "ನಮ್ಮದು ಗರಿಗರಿ ಅಂತಿದೆ, ಬನ್ನಿ ಬನ್ನಿ."

ಸಂಜೆಯವರೆಗೆ ನೇಗಿಲು ಪಕ್ಕದ ಹೊಲದಲ್ಲಿ ಓಡಿತು. ಅಳಿಯ ಮಾವ ಇಬ್ಬರೂ ಬದುವಿನ ಮೇಲೆ ಕೂತು ನೋಡಿದರು.

"ಏನೇ ಹೇಳಿ ಅಳಿಯಂದ್ರೇ," ಎಂದರು ಮಾವ, "ನಿಜವಾದ ಗಟ್ಟಿ ನಮ್ಮದೇ ಅಲ್ವಾ?"

"ನಿಮ್ಮದೇ ಮಾವ."

ಮಾವನ ಹೊಲಕ್ಕೆ ನೇಗಿಲು ಇಳಿಯಲಿಲ್ಲ. ಕೋಲಣ್ಣ ಕೊಟ್ಟ ಮಾತು ತಪ್ಪಿತು.